ಎರಡು ಮನೆಯ ಗಿಡ

ನನ್ನ ಮ್ಯಾಂಗೋಸ್ಟೀನ್ ಗಿಡಕ್ಕೆ ಈಗ ಆರು ವರ್ಷ. ಎತ್ತರ ಒಂದು ಗೇಣು, ಮೇಲೆ ನಾಲ್ಕು ಬೆರಳು. ಎಲೆ ಹತ್ತು. ವರ್ಷಕ್ಕೊಂದು ಜೋಡಿ ಎಲೆ ಬಿಡುವುದಕ್ಕೂ ಅದು ಮೀನಮೇಷ ಎಣಿಸುತ್ತದೆ. ಈ ಸಲ ಆಷಾಢದಲ್ಲಿ ತುದಿಗೆ ಕೆಂಪಗೆ ಒಂದು ಜೋಡಿ ಚಿಗುರಿತು. ಕೆಲಸಕ್ಕೆ ಹೊತ್ತಾಗಿದ್ದರೂ ಅರ್ಧ ಗಂಟೆ ಅದರ ಮುಂದೆ ಕುಳಿತೆ. ಯಾರಿಗಾದರೂ ಹೇಳಬೇಕಲ್ಲ ಎಂದು ಜೇಬಿನಿಂದ ಮೊಬೈಲು ತೆಗೆದೆ, ಹಾಗೇ ಒಳಗಿಟ್ಟೆ. ಇದರಲ್ಲೇನು ಸುದ್ದಿ ಎಂದು ಕೇಳದೆ, ಎಲೆ ಯಾವ ಬಣ್ಣದ್ದು ಎಂದು ಕೇಳುವ ಮನುಷ್ಯ ನನಗೆ ಗೊತ್ತಿದ್ದವರು ಒಬ್ಬರೇ. ಅವರು ಗಡಹಿಂಗ್ಲಜದಲ್ಲಿದ್ದರು.

ನಾನು ಇಚಲಕರಂಜಿಯಲ್ಲಿರುವವನು, ಪವರ್‌ಲೂಮ್ ಜಾಬರ್. ಮಗ್ಗ ಕೆಟ್ಟು ನಿಂತರೆ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ಅದರ ಹೊಟ್ಟೆಯೊಳಗೆ ಕೈ ಹಾಕುವವನಿಗೆ ನಮ್ಮಲ್ಲಿ ಜಾಬರ್ ಅನ್ನುತ್ತಾರೆ. ಯಡ್ರಾವದ ಒಂದು ಶೆಡ್ಡಿನಲ್ಲಿ ಅರ್ಧ ಆಯುಷ್ಯ ಕಳೆದಿದ್ದೇನೆ. ಮಗ್ಗಗಳ ಸದ್ದಿಗೆ ಎಡಗಿವಿ ಮುಕ್ಕಾಲು ಹೋಗಿದೆ, ಬಲಗಿವಿ ಅದರ ಹಿಂದೆ ಹೊರಟಿದೆ. ಮದುವೆ ಆಗಲಿಲ್ಲ. ಮೊದಲು ಯಾಕೆ ಎಂದು ಕೇಳುತ್ತಿದ್ದರು, ಈಗ ಕೇಳುವುದನ್ನೂ ಬಿಟ್ಟಿದ್ದಾರೆ. ಬಾಡಿಗೆಯ ಮೇಲಂತಸ್ತು, ಅದರ ಮುಂದಿನ ತೆರೆದ ಗಚ್ಚಿ, ಗಚ್ಚಿಯ ಮೇಲೆ ಹದಿನೇಳು ಪ್ಲಾಸ್ಟಿಕ್ ಡ್ರಮ್ಮು. ಕೆಳಗೆ ಮನೆಯ ಒಡತಿ ಮಾವಶಿ ಇರುತ್ತಾರೆ. ಮಳೆಗಾಲದಲ್ಲಿ ಮೆಟ್ಟಿಲ ಬುಡದಲ್ಲಿ ನಿಂತು "ಅರೇ ಬಾಬಾ, ಸ್ಲ್ಯಾಬ್ ಗಳತೋಯ್!" ಎಂದು ಕೂಗುತ್ತಾರೆ. ಅವರ ಅಡುಗೆಮನೆ ಸೋರುವುದಕ್ಕೆ ನನ್ನ ಡ್ರಮ್ಮುಗಳೇ ಕಾರಣವೆಂದು ಅವರ ವಾದ. ಕೇಳಿಸಲಿಲ್ಲ ಎನ್ನುವ ಸೌಕರ್ಯ ನನಗಿದೆ, ಅದನ್ನು ಧಾರಾಳವಾಗಿ ಬಳಸುತ್ತೇನೆ.

ಗಿಡಗಳ ಹುಚ್ಚು ಶುರುವಾದದ್ದು ಮೊಬೈಲಿನಲ್ಲಿ ನೋಡಿದ ಒಂದು ಚಿತ್ರದಿಂದ. ಜಬೋಟಿಕಾಬಾ ಎಂಬ ಮರ. ಕಾಂಡಕ್ಕೇ ಕಪ್ಪು ದ್ರಾಕ್ಷಿ ಅಂಟಿಸಿದ ಹಾಗೆ ಹಣ್ಣು. ಇದು ಸುಳ್ಳಿರಬೇಕು ಎಂದುಕೊಂಡೆ, ಸುಳ್ಳಲ್ಲ ಎಂದು ಗೊತ್ತಾದ ಮೇಲೆ ನಿದ್ದೆ ಬರಲಿಲ್ಲ. ಅದಾದ ಮೇಲೆ ಅಬಿಯು ಬಂತು, ಬಿಳಿ ನೇರಳೆ ಬಂತು, ಮೊಟ್ಟೆಯ ಹಳದಿಯಂಥ ತಿರುಳಿನ ಎಗ್ ಫ್ರೂಟ್ ಬಂತು. ರಂಬುಟಾನ್ ಮೂರು ಸಲ ಬಂದು ಮೂರು ಸಲವೂ ನಮ್ಮ ಬೇಸಿಗೆಗೆ ಒಣಗಿ ಹೋಯಿತು. ಶೆಡ್ಡಿನ ಹತ್ತಿಯ ಕಸ ತಂದು ಬುಡಕ್ಕೆ ಹೊದಿಸುತ್ತಿದ್ದೆ, ಹಳೆಯ ಸೀರೆ ಕಟ್ಟಿ ನೆರಳು ಮಾಡುತ್ತಿದ್ದೆ. ಶೆಡ್ಡಿನಲ್ಲಿ ನನಗೆ ಗಿಡದ ಜಾಬರ್ ಎಂದು ಹೆಸರಿಟ್ಟಿದ್ದರು. ನಗಲಿ ಬಿಡಿ, ನಗುವವರಾದರೂ ಇದ್ದರಲ್ಲ ಅಂತ ಈಗ ಅನಿಸುತ್ತದೆ.

ಗಡಹಿಂಗ್ಲಜದ ಅವರನ್ನು ಮೊದಲು ಕಂಡದ್ದು ಕೊಲ್ಹಾಪುರದ ಒಂದು ಕೃಷಿ ಪ್ರದರ್ಶನದಲ್ಲಿ. ಒಬ್ಬ ನರ್ಸರಿಯವನು ನೀಲಿ ಬಣ್ಣದ ಸೀಬೆಹಣ್ಣಿನ ದೊಡ್ಡ ಫೋಟೊ ತೂಗುಹಾಕಿ ಅದರ ಕೆಳಗೆ ಸಸಿ ಮಾರುತ್ತಿದ್ದ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ ಇದ್ದ ಹಿರಿಯರೊಬ್ಬರು ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿ ಮೂಸಿ ನೋಡಿ, ಮರಾಠಿಯಲ್ಲಿ ಅವನಿಗೆ ಗಂಭೀರವಾಗಿ ಕೇಳಿದರು, ಇದಕ್ಕೆ ನೀಲಿ ಬಣ್ಣ ನೀನೇ ಹಚ್ಚಿಕೊಡುತ್ತೀಯೋ ನಾವೇ ಹಚ್ಚಬೇಕೋ ಎಂದು. ನಾನು ಜೋರಾಗಿ ನಕ್ಕೆ. ಕಿವಿ ಮಂದವಾದವರ ನಗು ಸ್ವಲ್ಪ ದೊಡ್ಡದೇ ಇರುತ್ತದೆ. ಅವರು ತಿರುಗಿ ನೋಡಿದರು.

"ಕನ್ನಡದವರೇನ್ರಿ?"

"ಹೌದ್ರಿ. ಹೆಂಗ ಗೊತ್ತಾತ್ರಿ?"

"ಇಷ್ಟ ಜೋರ ನಗಾವ್ರು ನಮ್ಮವ್ರ ಇರಬೇಕ ಬಿಡ್ರಿ."

ಗಡಹಿಂಗ್ಲಜದಲ್ಲಿ ಅವರದು ಕಿರಾಣಿ ಅಂಗಡಿ, ಅದರ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾನು ಅಣ್ಣಾರ ಅನ್ನುತ್ತಿದ್ದೆ, ಅವರು ಎರಡನೆಯ ಭೇಟಿಯಲ್ಲೇ ರೀ ಬಿಟ್ಟು ತಮ್ಮಾ ಎಂದರು. ತಿಂಗಳಿಗೊಮ್ಮೆ ನಾನು ಎಸ್.ಟಿ. ಬಸ್ಸು ಹಿಡಿದು ಹೋಗುತ್ತಿದ್ದೆ. ಅವರ ಹೆಂಡತಿ, ನಾನು ವೈನಿ ಅನ್ನುತ್ತಿದ್ದವರು, ರೊಟ್ಟಿ ಬಡಿಸಿ ನಮ್ಮ ಮಾತು ಕೇಳಿ ಕೇಳಿ ಬೇಸತ್ತು ಎದ್ದುಹೋಗುತ್ತಿದ್ದರು. ಅಣ್ಣಾರ ಧ್ವನಿ ದೊಡ್ಡದು. ನನಗೆ ಎರಡನೆಯ ಸಲ ಕೇಳದೆ ಅರ್ಥವಾಗುತ್ತಿದ್ದ ಧ್ವನಿ ಅದೊಂದೇ.

ಆ ಹಿತ್ತಲಿನಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಒಂದು ಮರವಿತ್ತು. ಉತ್ಪ್ರೇಕ್ಷೆ ಅಲ್ಲ. ಯಾವುದೋ ಲಾರಿಯವನು ಗೋವೆಯ ಕಡೆಯಿಂದ ತಂದುಕೊಟ್ಟ ಹಣ್ಣಿನ ಬೀಜ ಹಾಕಿದ್ದರಂತೆ. ಹನ್ನೊಂದು ಸಸಿಯಲ್ಲಿ ಹತ್ತು ಏನೂ ವಿಶೇಷವಿಲ್ಲದವು, ಒಂದು ಮಾತ್ರ ಹೀಗೆ. ಸೀತಾಫಲದ ಬಳಗದ್ದೇ, ಆದರೆ ಸಿಪ್ಪೆ ಬದನೆಕಾಯಿಯ ಬಣ್ಣ, ತಿರುಳು ತಿಳಿಗುಲಾಬಿ, ಇಡೀ ಹಣ್ಣಿಗೆ ಏಳೆಂಟೇ ಬೀಜ. ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ನಾಲಿಗೆಯ ಅಂಚಿನಲ್ಲಿ ಸಣ್ಣಗೆ ಒಂದು ಹುಳಿ. ನಾನು ಅದನ್ನು ಎರಡು ಸಲ ತಿಂದಿದ್ದೇನೆ. ಹೆಸರಿಡಿ ಎಂದರೆ ಅಣ್ಣಾರು ಒಪ್ಪುತ್ತಿರಲಿಲ್ಲ. ಹೆಸರಿಟ್ಟರೆ ಮಾರುವವರು ಬರುತ್ತಾರೆ ಎನ್ನುತ್ತಿದ್ದರು. ನಮ್ಮಿಬ್ಬರ ಮಾತಿನಲ್ಲಿ ಅದು ಬರೀ 'ನಮ್ಮದು'. ಬೀಜ ಹಾಕಿದರೆ ತಾಯಿಯ ಗುಣ ಬರುವುದಿಲ್ಲ, ಕಡ್ಡಿ ಕತ್ತರಿಸಿ ಕಸಿ ಕಟ್ಟಿದರೆ ಮಾತ್ರ ಬರುತ್ತದೆ.

ಗಿಡದ ಹುಚ್ಚಿನವರಲ್ಲಿ ಎರಡು ಪದ್ಧತಿಗಳಿವೆ, ಕಲಿಸಿದವರು ಅವರೇ. ಒಂದು, ಅಪರೂಪದ ಗಿಡವನ್ನು ಒಬ್ಬನೇ ಇಟ್ಟುಕೊಳ್ಳಬಾರದು, ಇನ್ನೊಂದು ಮನೆಯಲ್ಲಿ ಅದರ ಕಸಿ ಇರಬೇಕು. ಇನ್ನೊಂದು, ಕಸಿ ಫಲ ಕೊಟ್ಟಾಗ ಮೊದಲ ಹಣ್ಣು ಕಡ್ಡಿ ಕೊಟ್ಟವರಿಗೆ ಹೋಗಬೇಕು.

ಒಂದು ಮಳೆಗಾಲ ಅಣ್ಣಾರು ಸೀತಾಫಲದ ಬೇರುಗಿಡದ ಮೇಲೆ 'ನಮ್ಮದ'ರ ಕಡ್ಡಿ ಕಟ್ಟಿದ್ದ ಸಸಿಯೊಂದನ್ನು ನನ್ನ ಕೈಯಲ್ಲಿಟ್ಟರು. "ನನ್ನ ಕಡೆ ಹೋತಂದ್ರ ನೀ ಕೊಡಬೇಕು. ನಿನ್ನ ಕಡೆ ಹೋತಂದ್ರ ನಾ ಕೊಡ್ತೇನಿ. ಬ್ಯಾರೆ ಯಾರಿಗೂ ಕೊಟ್ಟಿಲ್ಲ ನೋಡ. ಕೋಲಿಗೆ ಕಟ್ಟೂ ಮುಂದ ಸಡ್ಲ ಕಟ್ಟ, ತಮ್ಮಾ."

ಸಡಿಲ ಕಟ್ಟು ಎಂದು ಜಾಬರನಿಗೆ ಹೇಳುವುದೇ? ಗಂಟು ಹಾಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಎರಡು ನೂಲಿನ ತುದಿ ಸೇರಿಸಿ ನಾವು ಹಾಕುವ ಗಂಟು ಮಗ್ಗದ ಅಷ್ಟು ಬಡಿತ ತಿಂದರೂ ಜಾರುವುದಿಲ್ಲ. ಗಚ್ಚಿಯ ಗಾಳಿಗೆ ಸಸಿ ಅಲ್ಲಾಡಬಾರದೆಂದು ಪಾಲಿಸ್ಟರ್ ನೂಲು ನಾಲ್ಕು ಸುತ್ತು ಸುತ್ತಿ, ಕಸಿಯ ಮೇಲ್ಭಾಗದಲ್ಲಿ ಅದೇ ಗಂಟು ಹಾಕಿದೆ. ಕೆಲಸ ನೋಡಿ ನನಗೇ ಖುಷಿಯಾಯಿತು.

ಹತ್ತಿಯ ದಾರವಾಗಿದ್ದರೆ ಮಳೆಬಿಸಿಲಿಗೆ ಕೊಳೆತು ಬಿದ್ದಿರುತ್ತಿತ್ತು. ಪಾಲಿಸ್ಟರ್ ಕೊಳೆಯುವುದಿಲ್ಲ. ಕಾಂಡ ದಪ್ಪವಾಗುತ್ತಾ ಹೋಯಿತು, ನೂಲು ಅಲ್ಲೇ ನಿಂತಿತು. ಮರುವರ್ಷ ಬೇಸಿಗೆಯಲ್ಲಿ ಶೆಡ್ಡಿನ ಇನ್ನೊಬ್ಬ ಜಾಬರ್ ಕೆಲಸ ಬಿಟ್ಟದ್ದರಿಂದ ನಾನು ಎರಡು ಪಾಳಿ ಮಾಡುತ್ತಿದ್ದೆ. ಬಂದು ನೀರು ಸುರಿದು ಮಲಗುವುದಷ್ಟೇ. ಒಂದು ದಿನ ನೋಡಿದರೆ ಗಂಟಿನ ಮೇಲಿನದೆಲ್ಲ ಒಣಗಿ ಕಡ್ಡಿಯಾಗಿತ್ತು. ನೂಲು ತೊಗಟೆಯೊಳಗೆ ಹೂತು ಹೋಗಿತ್ತು. ಬ್ಲೇಡು ಹಾಕಿ ಬಿಡಿಸಬೇಕಾಯಿತು, ಆಗಲೂ ಗಂಟು ಮಾತ್ರ ಬಿಚ್ಚಲಿಲ್ಲ.

ಹದಿನೈದು ದಿನಕ್ಕೆ ಕಸಿಯ ಕೆಳಗಿನಿಂದ ಒಂದು ಚಿಗುರು ಎದ್ದಿತು. ಕೆಳಗಿನಿಂದ ಬಂದದ್ದು ಬೇರುಗಿಡದ್ದು, ಅಂದರೆ ಸಾದಾ ಸೀತಾಫಲ, ಇದು ಮೊದಲ ವರ್ಷದ ಹುಚ್ಚನಿಗೂ ಗೊತ್ತಿರುವ ಮಾತು. ನಾನು ಬುಡದ ಹತ್ತಿರ ಮೊಣಕಾಲೂರಿ, ಚಿಗುರು ಕಸಿಯ ಗಾಯದ ಮೇಲಿನಿಂದಲೇ ಬಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಕೂದಲೆಳೆ ಮೇಲಿರಬಹುದು. ನನ್ನ ಕಣ್ಣು ಚೆನ್ನಾಗಿಯೇ ಇತ್ತು, ಅದು ಕೆಳಗಿತ್ತು.

ಅವತ್ತೇ ಫೋನು ಮಾಡಿದ್ದರೆ ಅಣ್ಣಾರು ಬೈದು, ನಕ್ಕು, ಮರುವರ್ಷ ಇನ್ನೊಂದು ಸಸಿ ಕಟ್ಟಿ ಕೊಡುತ್ತಿದ್ದರು. ಪದ್ಧತಿ ಇದ್ದದ್ದೇ ಅದಕ್ಕಾಗಿ. ಆದರೆ ಸಡಿಲ ಕಟ್ಟು ಎಂದು ಹೇಳಿಸಿಕೊಂಡು ಬಿಗಿಯಾಗಿ ಕಟ್ಟಿ ಕೊಂದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ನನಗಿದ್ದದ್ದು ಒಬ್ಬರೇ ಗೆಳೆಯರು, ಅವರ ಮುಂದೆ ದಡ್ಡನಾಗುವ ಧೈರ್ಯ ನನಗಿರಲಿಲ್ಲ.

"ಹೆಂಗ ಐತಿ ತಮ್ಮಾ ನಮ್ಮದು?" ಫೋನಿನಲ್ಲಿ ಅವರ ಮೊದಲ ಪ್ರಶ್ನೆ ಯಾವಾಗಲೂ ಅದೇ.

"ಚಲೋ ಐತ್ರಿ ಅಣ್ಣಾರ. ಭಾಳ ಚಲೋ ಐತಿ."

ಫೋಟೊ ಕಳಿಸು ಎಂದರೆ ದೂರ ನಿಂತು ತೆಗೆದು ಕಳಿಸುತ್ತಿದ್ದೆ. ಸೀತಾಫಲ ಬೇರೆ ನನ್ನ ಮೇಲೆ ಹಗೆ ಸಾಧಿಸುವ ಹಾಗೆ ಸೊಗಸಾಗಿ ಬೆಳೆಯಿತು. ಮ್ಯಾಂಗೋಸ್ಟೀನಿಗೆ ಕೊಟ್ಟ ಗೊಬ್ಬರ, ನೆರಳು, ಲಾಲನೆ ಯಾವುದೂ ಅದಕ್ಕೆ ಬೇಕಿರಲಿಲ್ಲ. ಎರಡನೆಯ ವರ್ಷಕ್ಕೆ ಹಣ್ಣು ಬಿಟ್ಟಿತು, ಹಸಿರು ಸಿಪ್ಪೆ, ಬಿಳಿ ತಿರುಳು, ಬಾಯಿ ತುಂಬ ಬೀಜ. ನಾನು ಫೋನಿನಲ್ಲಿ ಹೂವು ಉದುರಿತು ಎಂದೆ. ಹಣ್ಣನ್ನು ಮಾವಶಿಗೆ ಕೊಟ್ಟೆ. ಸ್ಲ್ಯಾಬು ಸೋರುವುದನ್ನು ಅವರು ಒಂದು ವಾರ ಮರೆತರು.

ಮರುವರ್ಷ ಶ್ರಾವಣದಲ್ಲಿ ಹಿರಣ್ಯಕೇಶಿ ಹೊಳೆ ಉಕ್ಕಿ ಅವರ ಹಿತ್ತಲಿಗೆ ನೀರು ಬಂತು. ಬಂದ ನೀರು ಎಂಟು ದಿನ ಇಳಿಯಲಿಲ್ಲ. ಈ ಬಳಗದ ಗಿಡಗಳಿಗೆ ಬೇರಿನಲ್ಲಿ ನೀರು ನಿಂತರೆ ಆಗಿಬರುವುದಿಲ್ಲ. ದಸರೆಯ ಹೊತ್ತಿಗೆ ತಾಯಿಮರದ ತೊಗಟೆ ಕೈಯಿಂದ ಮುಟ್ಟಿದರೆ ಕಳಚಿ ಬರುತ್ತಿತ್ತಂತೆ. ಕಡ್ಡಿ ತೆಗೆಯೋಣವೆಂದರೆ ಒಂದು ಟೊಂಗೆಯೂ ಜೀವಂತ ಉಳಿದಿರಲಿಲ್ಲ.

"ಚಿಂತಿ ಇಲ್ಲ," ಎಂದರು ಫೋನಿನಲ್ಲಿ. "ನಿನ್ನ ಕಡೆ ಐತೆಲ್ಲ. ಶಿವರಾತ್ರಿ ಮುಂದ ಎಲಿ ಉದರಿದ ಮ್ಯಾಲ ಬಂದ ಕಡ್ಡಿ ಒಯ್ತೇನಿ."

ಆ ನಾಲ್ಕು ತಿಂಗಳು ನಾನು ಹೇಗಿದ್ದೆ ಎಂದು ಬರೆಯಲು ಹೋಗುವುದಿಲ್ಲ. ಹೇಳಲು ದಿನಾ ಒಂದು ಕಾರಣವಿತ್ತು, ಹೇಳದೆ ಇರಲು ದಿನಾ ಒಂದು ನೆಪವಿತ್ತು. ಅವರು ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಕಸಿಯ ಚಾಕು, ಒದ್ದೆ ಮಾಡಿಕೊಳ್ಳಲು ಹಳೆಯ ಪಂಜೆಯ ತುಂಡು. ಮೆಟ್ಟಿಲು ಹತ್ತಿ ಸುಧಾರಿಸಿಕೊಳ್ಳುತ್ತ ಮ್ಯಾಂಗೋಸ್ಟೀನ್ ನೋಡಿ, "ಇದು ನಿನ್ನ ಮೊಮ್ಮಕ್ಕಳ ಕಾಲಕ್ಕ ಹಣ್ಣ ಕೊಡತೈತಿ, ಮೊದಲ ಲಗ್ನಾ ಮಾಡ್ಕೋ" ಎಂದು ಚೇಷ್ಟೆ ಮಾಡಿದರು. ಸೀತಾಫಲ ಬೋಳಾಗಿ ನಿಂತಿತ್ತು. ಮಾಘದಲ್ಲಿ ಎಲ್ಲವೂ ಬೋಳೇ, ಎಲೆ ಇಲ್ಲದಾಗ ಎಲ್ಲವೂ ಒಂದೇ ಥರ ಕಡ್ಡಿ. ನನ್ನ ಅದೃಷ್ಟ ಎಂದುಕೊಂಡೆ. ಅಂಥದ್ದಕ್ಕೆ ಅದೃಷ್ಟ ಎಂದುಕೊಂಡ ಮನುಷ್ಯ ನಾನು.

ಚಾಕು ಅವರಿಂದ ಇಸಿದುಕೊಂಡು ನಾನೇ ಆರು ಕಡ್ಡಿ ಕತ್ತರಿಸಿದೆ. ಬುಡದ ಗಾಯ ಅವರಿಗೆ ಕಾಣದ ಹಾಗೆ ಮಧ್ಯೆ ನಿಂತಿದ್ದೆ. ಅವರು ಒಂದು ಕಡ್ಡಿ ತೆಗೆದುಕೊಂಡು ಹೆಬ್ಬೆರಳ ಉಗುರಿನಿಂದ ತೊಗಟೆ ಸ್ವಲ್ಪ ಕೆರೆದರು. ಮೂಗಿನ ಹತ್ತಿರ ಹಿಡಿದರು. ಕೊಲ್ಹಾಪುರದಲ್ಲಿ ಎಲೆ ಮೂಸಿದ್ದರಲ್ಲ, ಹಾಗೇ. ಅವರು ಏನೋ ಹೇಳಿದ್ದು ನನಗೆ ಕೇಳಿಸಲಿಲ್ಲವೇನೋ ಎಂದು ನಾನು ಬಲಗಿವಿ ಮುಂದೆ ಮಾಡಿದೆ. ಅವರು ಏನೂ ಹೇಳಿರಲಿಲ್ಲ. ಆರೂ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿ ಚೀಲದಲ್ಲಿಟ್ಟು, ಚಹಾ ಕುಡಿದು, "ಬರ್ತೇನಿ ತಮ್ಮಾ, ಬಸ್ ಐತಿ" ಎಂದು ಇಳಿದು ಹೋದರು.

ಆಮೇಲೆ ನಾನು ಗಡಹಿಂಗ್ಲಜಕ್ಕೆ ಹೋಗಲಿಲ್ಲ. ಕಟ್ಟಿದ ಕಸಿ ಹಣ್ಣು ಬಿಡಲು ಎರಡು ಮೂರು ವರ್ಷ ಬೇಕು, ಬಿಟ್ಟ ದಿನ ನನ್ನ ಬಣ್ಣ ಬಯಲಾಗುತ್ತದೆ, ಅಲ್ಲಿಯವರೆಗೆ ಮುಖ ತೋರಿಸದಿದ್ದರೆ ಸಾಕು ಅಂತ ನನ್ನ ಲೆಕ್ಕಾಚಾರ. ಅವರು ಫೋನು ಮಾಡಿದರೆ ಒಂದೆರಡು ಮಾತಾಡಿ ಮಗ್ಗ ನಿಂತಿದೆ ಎಂದು ಇಡುತ್ತಿದ್ದೆ. ಅವರು 'ನಮ್ಮದ'ರ ಸುದ್ದಿ ತೆಗೆಯುತ್ತಿರಲಿಲ್ಲ, ಅದನ್ನು ನಾನು ಗಮನಿಸಲೂ ಇಲ್ಲ. ಬರಬರುತ್ತ ಫೋನು ಕಡಿಮೆಯಾಯಿತು. ಜಬೋಟಿಕಾಬಾ ಆ ವರ್ಷವೇ ಮೊದಲ ಸಲ ಹಣ್ಣು ಬಿಟ್ಟಿತು. ಕಾಂಡದ ಮೇಲೆ ಐದು ಕಪ್ಪು ಹಣ್ಣು, ನನ್ನ ನಿದ್ದೆಗೆಡಿಸಿದ ಆ ಚಿತ್ರದಲ್ಲಿದ್ದಂಥವೇ. ಗಚ್ಚಿಯಲ್ಲಿ ಒಬ್ಬನೇ ನಿಂತು ಐದನ್ನೂ ತಿಂದೆ. ರುಚಿ ಹೇಗಿತ್ತೆಂದು ಕೇಳಿದರೆ ನನಗೆ ನೆನಪಿಲ್ಲ. ಕೇಳುವವರು ಇಲ್ಲದಿದ್ದರೆ ರುಚಿಯೂ ನೆನಪಿನಲ್ಲಿ ಉಳಿಯುವುದಿಲ್ಲ ಎಂದು ಅವತ್ತು ಗೊತ್ತಾಯಿತು. ನಾನು ಮೊದಲಿನಿಂದಲೂ ಒಬ್ಬನೇ ಇದ್ದವನು, ಒಂಟಿ ಅನಿಸಿದ್ದು ಮಾತ್ರ ಆಮೇಲೆ.

ಹಾಗೆ ಎರಡು ವರ್ಷಕ್ಕೂ ಮಿಕ್ಕಿ ಕಳೆಯಿತು. ಹೋದ ದೀಪಾವಳಿಗೆ ಮೊದಲು ನನ್ನ ಸೀತಾಫಲ ಮತ್ತೆ ಹಣ್ಣಾಯಿತು. ಇನ್ನು ತಡೆಯಲಾರೆ ಅನಿಸಿತು. ನಾಲ್ಕು ಹಣ್ಣು ಕಿತ್ತು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಹಣ್ಣನ್ನು ಅವರ ಮುಂದಿಟ್ಟು, ನೋಡ್ರಿ ಅಣ್ಣಾರ, ಇದು ನಾನು ಮಾಡಿದ ಕೆಲಸ, ಬೈರಿ ಎನ್ನುವುದು. ದಾರಿಯುದ್ದಕ್ಕೂ ಇಷ್ಟನ್ನೇ ಹೇಳಿಕೊಳ್ಳುತ್ತ ಹೋದೆ.

ಅಂಗಡಿಯಲ್ಲಿ ವೈನಿ ಕುಳಿತಿದ್ದರು. ಅವರ ತಲೆಯ ಮೇಲೆ, ಬೆಲ್ಲದ ಡಬ್ಬಿಗಳಿಗಿಂತ ಎತ್ತರದಲ್ಲಿ, ಅಣ್ಣಾರ ಫೋಟೊ ಇತ್ತು. ಗಾಜಿನ ಮೇಲೆ ವಿಭೂತಿ ಎಳೆದಿದ್ದರು, ಚೆಂಡುಹೂವಿನ ಮಾಲೆ ಹಾಕಿದ್ದರು.

"ಶ್ರಾವಣದಾಗ ಹೋದ್ರು," ಎಂದರು ವೈನಿ. "ತಿಂಗಳಾ ಮಲಗಿದ್ರು. ಒಳಗ ಬರ್ರಿ."

ನಾನು ಒಳಗೆ ಹೋಗಲಿಲ್ಲ, ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ನೂಲು ಕಟ್ಟಿದ್ದು, ಗಿಡ ಸತ್ತದ್ದು, ಸುಳ್ಳು ಫೋಟೊ, ಸುಳ್ಳು ಕಡ್ಡಿ. ಚೀಲ ತೆಗೆದು ಹಣ್ಣು ತೋರಿಸಿದೆ. ನನ್ನ ಧ್ವನಿ ದೊಡ್ಡದಾಗಿರಬೇಕು, ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ವೈನಿ ಎಲ್ಲ ಕೇಳಿ, ಎದ್ದು, ಹಿತ್ತಲಿಗೆ ಕರೆದುಕೊಂಡು ಹೋದರು.

ತಾಯಿಮರವಿದ್ದ ಜಾಗದಲ್ಲಿ, ಮಣ್ಣು ಏರಿಸಿ ಮಾಡಿದ ದಿಬ್ಬದ ಮೇಲೆ, ಎದೆಯೆತ್ತರದ ಒಂದು ಗಿಡ. ಕೋಲಿಗೆ ಹಳೆಯ ಪಂಜೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿತ್ತು. ಎಣ್ಣೆಯ ಡಬ್ಬಿಯ ತಗಡು ಕತ್ತರಿಸಿ, ಮೊಳೆಯಿಂದ ಕೆರೆದು ಬರೆದು, ಗಿಡಕ್ಕೆ ತೂಗುಹಾಕುವುದು ಅಣ್ಣಾರ ರೂಢಿ. ಕಸಿ ಕಟ್ಟಿದ ದಿನವೇ ಬರೆಯುತ್ತಿದ್ದರು, ಮರುದಿನಕ್ಕೆ ಇಡುತ್ತಿರಲಿಲ್ಲ. ನಾನು ತಗಡು ತಿರುಗಿಸಿ ಓದಿದೆ. 'ಸೀತಾಫಲ, ಸಾದಾ. ಇಚಲಕರಂಜಿ ತಮ್ಮನ ಕಡ್ಡಿ.' ಅದರ ಕೆಳಗೆ ತಾರೀಖು, ಅವರು ನನ್ನ ಗಚ್ಚಿಗೆ ಬಂದಿದ್ದ ದಿನದ್ದು.

ಗೊತ್ತಿತ್ತು. ಕಡ್ಡಿ ಮೂಸಿದಾಗಲೇ ಗೊತ್ತಾಗಿತ್ತು. ಗೊತ್ತಿದ್ದೂ ಮನೆಗೆ ಬಂದು, ಆ ಸಂಜೆಯೇ, ಸಾದಾ ಸೀತಾಫಲದ ಬೇರಿನ ಮೇಲೆ ಸಾದಾ ಸೀತಾಫಲದ ಕಸಿ ಕಟ್ಟಿದ್ದರು. ತಲೆ ನೆಟ್ಟಗಿರುವ ಯಾರೂ ಮಾಡದ ಕೆಲಸ.

"ಯಾಕ ಕಟ್ಟತೀರಿ ಇದನ್ನ ಅಂತ ನಾನೂ ಕೇಳಿದ್ನಿ," ಎಂದರು ವೈನಿ. "'ಅಂವಗ ನನ್ನ ಖಾಲಿ ಕೈಲೆ ಕಳಸಾಕ ಮನಸ್ಸ ಆಗಿಲ್ಲ. ಬರ್ತಾನ, ಬಂದ ಹೇಳ್ತಾನ' ಅಂದ್ರು. ಈ ವರ್ಷ ಮೊದಲನೇ ಸಲ ಕಾಯಿ ಹಿಡೀತು. ಮಲಗಿದಲ್ಲಿಂದನ ನಿಮಗ ಫೋನ್ ಹಚ್ಚಿದ್ರು, ಮೊದಲ ಹಣ್ಣ ತಮ್ಮಂದು, ಬಾ ಅನ್ನಾಕ. ನಾಕ ಸಲ ಹಚ್ಚಿದ್ರು. ನೀವ ಎತ್ತಲಿಲ್ಲ. 'ಮಗ್ಗದ ಸಪ್ಪಳದಾಗ ಇರ್ತಾನ, ಕಿವಿ ಬ್ಯಾರೆ ಮಂದ, ಕೇಳ್ಸಿರಂಗಿಲ್ಲ ಬಿಡು' ಅಂದ್ರು."

ಅವರು ಗಿಡದಿಂದ ಎರಡು ಹಣ್ಣು ಕಿತ್ತು ನನ್ನ ಚೀಲದಲ್ಲಿ ಹಾಕಿದರು. ನನ್ನ ನಾಲ್ಕು, ಅವರ ಎರಡು. ಚೀಲದಲ್ಲಿ ಬೆರೆತ ಮೇಲೆ ಯಾವುದು ಯಾವುದೆಂದು ಹೇಳಲು ಬರುವಂತಿರಲಿಲ್ಲ. 'ನಮ್ಮದು' ಈಗ ಯಾರ ಮನೆಯಲ್ಲೂ ಇಲ್ಲ. ಬದನೆಕಾಯಿಯ ಬಣ್ಣದ ಆ ಸಿಪ್ಪೆಯನ್ನು, ನಾಲಿಗೆಯ ಅಂಚಿನ ಆ ಹುಳಿಯನ್ನು ಇನ್ನು ಯಾರೂ ನೋಡುವುದಿಲ್ಲ, ಯಾರೂ ತಿನ್ನುವುದಿಲ್ಲ. ಅದಕ್ಕೆ ಕಾರಣ ಹಿರಣ್ಯಕೇಶಿಯ ನೀರಲ್ಲ, ನಾನು.

ಅದನ್ನೂ ವೈನಿಗೆ ಹೇಳಿದೆ. ಅವರು ಕಣ್ಣೊರೆಸಿಕೊಂಡು, ಇರಲಿ ಬಿಡ್ರಿ, ಊಟಾ ಮಾಡ್ರಿ ಎಂದರು. ರೊಟ್ಟಿ ಬಡಿಸಿದರು. ತಿಂದೆ.

ಒಂದು ಮಾತು ಮಾತ್ರ ಅವರಿಗೆ ಹೇಳಲಾಗಲಿಲ್ಲ. ಆ ನಾಲ್ಕು ಫೋನಿನಲ್ಲಿ ಒಂದು ಬಂದಾಗ ನಾನು ಶೆಡ್ಡಿನಲ್ಲಿದ್ದೆ, ನಿಜಕ್ಕೂ ಕೇಳಿಸಿರಲಿಲ್ಲ. ಉಳಿದ ಮೂರು ಸಲ ನಾನು ಗಚ್ಚಿಯ ಮೇಲಿದ್ದೆ, ಮೊಬೈಲು ಕೈಯಲ್ಲೇ ಇತ್ತು, ಅದು ಬಡಿದುಕೊಂಡು ಸುಮ್ಮನಾಗುವವರೆಗೂ ಹಿಡಿದುಕೊಂಡು ನೋಡುತ್ತಿದ್ದೆ.